ಹಳದಿ ಹೂವೆಲ್ಲ ತಗಚೆ ಅಲ್ಲ ಮಾರಾಯ್ರೆ!

ಮಳೆಗಾಲ ಬಂತಂದ್ರೆ ನಮ್ಮ ಬ್ಲಾಗ್ ಗೆಳೆಯರ ಕ್ಯಾಮೆರಾ ಹೊರಗೆ ಬರ್ತವೆ. ರಸ್ತೆ ಬದಿಯ ಒಂದು ಹಳದಿ ಹೂವು, ದಳದ ಮೇಲೊಂದು ಹನಿ, ಕೆಳಗೆ "ತಗಚೆ ಹೂ, ಇದರ ಸೊಪ್ಪಿನ ಪಲ್ಯ ಬಲು ರುಚಿ" ಅಂತ ಒಂದು ಸಾಲು. ಆಮೇಲೆ "ಸೂಪರ್ ಫೋಟೋ ಸಾರ್" ಅನ್ನೋ ಕಾಮೆಂಟುಗಳು. ನಾನೂ ಹಾಕಿದ್ದೇನೆ, ಸುಳ್ಯಾಕೆ ಹೇಳಲಿ. ಆದ್ರೆ ಈ ಸಲ ಜಗಳ ತೆಗೀಬೇಕು ಅಂತಲೇ ಬರೀತಿದ್ದೀನಿ.

ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು... ಎಲ್ಲಿ ಹೋದರೂ ಬೇಲಿ ಪಕ್ಕ, ಹಾಳು ಜಾಗದಲ್ಲಿ ಈ ಅಣ್ಣತಮ್ಮಂದಿರು ಇದ್ದೇ ಇರ್ತಾರೆ. ತಗಚೆ ಅಂದ್ರೆ ಸೆನ್ನಾ ಟೋರಾ. ದೊಡ್ಡ ತಗಚೆ ಅಂದ್ರೆ ಸೆನ್ನಾ ಆಕ್ಸಿಡೆಂಟಾಲಿಸ್. (ಹಳೆಯ ಪುಸ್ತಕಗಳಲ್ಲಿ ಎರಡೂ ಕ್ಯಾಸಿಯಾ.) ಎರಡಕ್ಕೂ ಐದು ದಳದ ಹಳದಿ ಹೂವು. ಬರೀ ಹೂವಿನ ಫೋಟೋ ನೋಡಿ ಹೆಸರು ಹೇಳೋದು, ಬರೀ ಮೂಗು ನೋಡಿ ಯಾರ ಮನೆಯವನು ಅಂತ ಹೇಳಿದಂಗೆ.

ಎಲೆ ನೋಡಿ ಸ್ವಾಮಿ, ಎಲೆ! ತಗಚೆಗೆ ಸಾಮಾನ್ಯವಾಗಿ ಮೂರು ಜೊತೆ ಕಿರುಎಲೆ, ತುದಿ ದುಂಡಗೆ, ಬುಡದ ಕಡೆ ಸಪೂರ. ಕೆಳಗಿನ ಜೊತೆಯ ನಡುವೆ ಗೂಟದಂಥ ಪುಟ್ಟ ಗ್ರಂಥಿ ಕಾಣ್ತದೆ. ದೊಡ್ಡ ತಗಚೆಗೆ ನಾಲ್ಕೈದು ಜೊತೆ, ತುದಿ ಚೂಪು. ಗ್ರಂಥಿ ಇರೋದು ಎಲೆತೊಟ್ಟಿನ ಬುಡದಲ್ಲಿ, ಕಾಂಡಕ್ಕೆ ಅಂಟಿದಂಗೆ. ಕಾಯಿ ಬಂದ ಮೇಲಂತೂ ಕಷ್ಟವೇ ಇಲ್ಲ. ತಗಚೆಯದು ಸಣ್ಣ, ಉದ್ದ, ಬಾಗಿದ ಕಡ್ಡಿ; ಇನ್ನೊಂದರದು ಸ್ವಲ್ಪ ಚಪ್ಪಟೆ, ಮೇಲ್ಮುಖ, ನಡುವೆ ಕಂದು, ಅಂಚು ತಿಳಿ.

ಇದ್ಯಾಕೆ ಇಷ್ಟು ರಗಳೆ ಅಂತೀರಾ? ಸೊಪ್ಪು ಕೊಯ್ಯೋದು ಮೊದಲ ಮಳೆಗೆ, ಎಳೆಯದಿದ್ದಾಗ. ಆಗ ಹೂವೇ ಇರೋದಿಲ್ಲ! ನಿಮ್ಮ ಹೂವಿನ ಫೋಟೋ ನೋಡಿ ಕಲಿತವರು ಆಗ ಏನು ನೋಡಿ ಕೊಯ್ಯಬೇಕು?

ದೊಡ್ಡ ತಗಚೆ ಬೀಜ ವಿಷ. ಪಶ್ಚಿಮ ಉತ್ತರ ಪ್ರದೇಶದಲ್ಲಿ ವರ್ಷವರ್ಷವೂ ಹಳ್ಳಿ ಮಕ್ಕಳು ಸಾಯ್ತಿದ್ರು. ಮೆದುಳುಜ್ವರ ಅಂತಲೇ ಎಲ್ಲರೂ ತಿಳಿದಿದ್ರು. ಅದು ಆಟವಾಡುತ್ತಾ ತಿಂದ ಈ ಗಿಡದ ಬೀಜದಿಂದ ಅಂತ ವೈದ್ಯರು 2007ರಲ್ಲಿ ಪ್ರಕಟಿಸಿದರು. ಲಿವರ್, ಸ್ನಾಯು, ಮೆದುಳು ಮೂರಕ್ಕೂ ಪೆಟ್ಟು.

"ಇದರ ಬೀಜ ಹುರಿದು ಕಾಫಿ ಮಾಡ್ತಾರಲ್ರೀ" ಅಂತ ಒಬ್ಬರು ನನ್ನ ಜೊತೆ ವಾದಕ್ಕೆ ಬಂದ್ರು. ನಿಜ, ಮಾಡ್ತಾರೆ. ಹುರಿದರೆ ವಿಷದ ಬಲ ಕುಗ್ತದೆ. ಆದ್ರೆ ಬೇಲಿಯಲ್ಲಿ ಕಾಯಿ ಕಿತ್ತು ಬಾಯಿಗೆ ಹಾಕ್ಕೊಳ್ಳೋ ನಾಲ್ಕು ವರ್ಷದ ಮಗು ಹುರಿದು ತಿನ್ನೋದಿಲ್ಲವಲ್ಲ.

ಹಾಗಾಗಿ ಇನ್ಮೇಲೆ ಒಂದು ಹೂವಿಗೆ ಮೂರು ಫೋಟೋ ಹಾಕ್ರಪ್ಪಾ: ಹೂವು, ಎಲೆತೊಟ್ಟಿನ ಬುಡ, ಕಾಯಿ. ಚಂದ ಕಾಣದಿದ್ರೂ ಪರವಾಗಿಲ್ಲ.

ಅಂದಹಾಗೆ ನನ್ನ ಹಳೇ ಪೋಸ್ಟ್ ತೆಗೆದು ನೋಡಿದೆ. ಹೂವು ಬಿಟ್ರೆ ಹಿಂದೆಲ್ಲ ಮಸುಕು, ಒಂದು ಎಲೆಯೂ ಕಾಣ್ತಿಲ್ಲ. ಯಾವ ಗಿಡವೋ ನನಗೇ ಗೊತ್ತಾಗಲಿಲ್ಲ. ಪಲ್ಯದ ಸಾಲು ಸಮೇತ ಅಳಿಸಿ ಹಾಕಿದೆ.