ಆನೆ ಮುದಿಯಾದರೂ ಮೇವು ಆನೆಯದೇ

ಈ ವಾರ ಮುಸುಕಿನ ಜೋಳದ ಸೈನಿಕ ಹುಳದ ಬಗ್ಗೆ ಬರೀತೀನಿ ಅಂದಿದ್ದೆ. ಅದು ಮುಂದಿನ ವಾರ. ಇವತ್ತು ಜಮೀನು ತಿನ್ನೋ ಇನ್ನೊಂದು ಹುಳದ ವಿಷ್ಯ ಬರೀತೀನಿ. ಸ್ವಲ್ಪ ಉದ್ದ ಆಗ್ತದೆ, ಕೊನೇವರೆಗೂ ಓದಿ. ಮನೇಲಿ ಪ್ರಾಯದ ಹುಡುಗರು ಇರೋರು ಅವರಿಗೂ ಓದಿಸಿ.

ಹೋದ ಭಾನುವಾರ ನಾನು ಕೌದಳ್ಳಿ ಹೊಲದಲ್ಲಿ ಡ್ರಿಪ್ ಪೈಪು ತೊಳೀತಾ ಕೂತಿದ್ದೆ. ನನ್ನ ತಮ್ಮನ ಮಗ ಬೆಂಗಳೂರಿಂದ ಬಂದ. 27 ವರ್ಷ, ಕಂಪ್ನಿ ಕೆಲಸ, ಒಳ್ಳೇ ಹುಡುಗ. ಬೀಡಿ ಇಲ್ಲ, ಕುಡಿತ ಇಲ್ಲ. ಬದದ ಮೇಲೆ ಕೂತು ಫೋನ್ ತೋರಿಸ್ದ. ಕೆಂಪು ಬಣ್ಣದ ಕಾರು, ಎರಡೇ ಬಾಗಿಲು, ನೆಲಕ್ಕೆ ಅಂಟಿಕೊಂಡಂಗೆ ಅದೆ.

"ದೊಡ್ಡಪ್ಪ, ಹೊಸದ್ರಲ್ಲಿ ಎಪ್ಪತ್ತೈದು ಲಕ್ಷ ಕನಾ. ಈಗ ಇಪ್ಪತ್ತೊಂದ್ಕ ಕೊಡ್ತಾವ್ರ. ಎಂಟು ವರ್ಷದ ಗಾಡಿ ಅಷ್ಟೇಯ."

ದುಡ್ಡಿನ ಲೆಕ್ಕ ಕೇಳ್ದೆ. ಅವನ ಉಳಿತಾಯ 6 ಲಕ್ಷ. ಸಾಲ 10 ಲಕ್ಷ. ಬಾಕಿ 5 ಲಕ್ಷಕ್ಕೆ ಬೋರ್‌ವೆಲ್ ಇರೋ ಎರಡೆಕರೆ ಭೋಗ್ಯಕ್ಕೆ ಹಾಕೋದು. ಅವರಪ್ಪ ಆಗಲೇ ಹೂಂ ಅಂದಾಗಿದೆ. ಪಹಣಿ ಇನ್ನೂ ಜಂಟೀಲಿ ಇರೋದ್ರಿಂದ ನನ್ನ ರುಜು ಬೇಕು. ಅದಕ್ಕೇ ಬಂದಿದ್ದ.

ನಾನು ಅವನ ಆಸೆ ನೋಡಿ ನಗಾಡ್ಲಿಲ್ಲ. ಅವನ ವಯಸ್ಸಲ್ಲಿ ನಾನೂ ಸೆಕೆಂಡ್ ಹ್ಯಾಂಡ್ ಯೆಜ್ಡಿ ತಗೊಂಡೋನೇ. ಮೈಸೂರಲ್ಲಿ ಐಡಿಯಲ್ ಜಾವಾ ಫ್ಯಾಕ್ಟ್ರಿ 1996ರಲ್ಲಿ ಮುಚ್ಚಿತು, ನಾನು ಗಾಡಿ ತಗೊಂಡಿದ್ದು ಅದಾದ ಮೇಲೆ. ಊರೆಲ್ಲ ಬೈದ್ರು, ಮುಚ್ಚಿದ ಕಂಪ್ನಿ ಗಾಡಿ ಯಾಕ್ಲಾ ಅಂತ. ಆದ್ರೆ ಆ ಗಾಡಿ ಹನ್ನೆರಡು ವರ್ಷ ಓಡ್ತು. ಯಾಕಂದ್ರೆ ಕೊಳ್ಳೇಗಾಲದಲ್ಲಿ ಅದನ್ನ ಕಣ್ಣು ಮುಚ್ಕೊಂಡು ಬಿಚ್ಚಿ ಕಟ್ಟೋರು ಇದ್ರು, ಪಾರ್ಟ್ಸು ಗುಜರಿಯಲ್ಲೂ ಸಿಕ್ತಿತ್ತು. ಆಗ ಕಲಿತ ಪಾಠ ಒಂದೇ. ಹಳೇ ಗಾಡಿ ತಗೋಬೇಕಾದ್ರೆ ಗಾಡಿ ಬೆಲೆ ಆಮೇಲೆ ನೋಡು, ಮೆಕ್ಯಾನಿಕ್ ಎಷ್ಟು ದೂರದಲ್ಲವ್ನೆ ಅಂತ ಮೊದಲು ನೋಡು.

ಈಗ ನನ್ನ ತಕರಾರಿಗೆ ಬರ್ತೀನಿ. "75 ಲಕ್ಷದ ಕಾರು 21 ಲಕ್ಷಕ್ಕೆ" ಅನ್ನೋ ಮಾತಲ್ಲೇ ಮೋಸ ಅದೆ. ಇಳಿದಿರೋದು ಗಾಡಿ ಬೆಲೆ ಮಾತ್ರ. ಟೈರಿನ ಬೆಲೆ ಇಳಿದಿಲ್ಲ, ಗೇರ್‌ಬಾಕ್ಸಿಂದು ಇಳಿದಿಲ್ಲ, ಹೆಡ್‌ಲೈಟಿಂದು ಇಳಿದಿಲ್ಲ, ಶೋರೂಂ ಕೂಲಿ ಇಳಿದಿಲ್ಲ. ಅವೆಲ್ಲ ಇವತ್ತಿಗೂ 75 ಲಕ್ಷದ ಕಾರಿನ ಲೆಕ್ಕದಲ್ಲೇ ನಿಂತಿವೆ. ನಮ್ಮ ಕಡೆ ಕಾಡಂಚಲ್ಲಿ ಇರೋರಿಗೆ ಬಿಡಿಸಿ ಹೇಳೋದು ಬೇಡ. ಆನೆ ಮುದಿಯಾಯ್ತು ಅಂತ ಹಸು ಮೇವಲ್ಲಿ ಹೊಟ್ಟೆ ತುಂಬಲ್ಲ. ಹೊಸ ಕಾರು ಕೊಳ್ಳೋ ಶಕ್ತಿ ಇಲ್ಲದೋನಿಗೆ ಅದೇ ಕಾರನ್ನ ಹಳೇದಾಗಿ ಸಾಕೋ ಶಕ್ತಿ ಇನ್ನೂ ಕಡಿಮೆ. ಹೊಸದಕ್ಕೆ ವಾರಂಟಿ ಆದ್ರೂ ಇರ್ತದೆ, ಹಳೇದಕ್ಕೆ ನಿನ್ನ ಜೇಬೇ ವಾರಂಟಿ.

ಒಂದೊಂದಾಗಿ ನೋಡಿ.

ಟೈರು. ಇಂಥ ಎಷ್ಟೋ ಕಾರಲ್ಲಿ ನಮ್ಮ ಟ್ರ್ಯಾಕ್ಟರ್ ಥರ ಹಿಂದಿನ ಟೈರು ದಪ್ಪ, ಮುಂದಿನದು ಸಣ್ಣ. ಹಿಂದೆ ಸವೆದ್ರೆ ಮುಂದಿನದು ತೆಗೆದು ಹಿಂದಕ್ಕೆ ಹಾಕೋಕಾಗಲ್ಲ. ಎಷ್ಟೋ ಗಾಡೀಲಿ ಸ್ಟೆಪ್ನಿನೇ ಇರಲ್ಲ, ಒಂದು ಡಬ್ಬಿ ಅಂಟು ಕೊಟ್ಟಿರ್ತಾರೆ. ಹನೂರು ದಾಟಿದ ಮೇಲೆ ರಾತ್ರಿ ಹತ್ತು ಗಂಟೇಲಿ ಟೈರಿನ ಪಕ್ಕೆ ಸೀಳಿದ್ರೆ ಆ ಅಂಟು ಏನು ಮಾಡ್ತದೆ?

ಗೇರ್‌ಬಾಕ್ಸು. ಈ ಕಾರುಗಳಲ್ಲಿ ಬಹಳಷ್ಟಕ್ಕೆ ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಬರ್ತದೆ. ಕ್ಲಚ್ಚು, ಅದನ್ನ ಆಡಿಸೋ ಎಣ್ಣೆ ಪ್ರೆಷರ್ರು, ಕಂಪ್ಯೂಟರು ಎಲ್ಲ ಒಂದರೊಳಗೊಂದು. ಟ್ರಾಫಿಕ್ಕಲ್ಲಿ ಇಂಚಿಂಚು ತೆವಳಿಸಿದ್ರೆ ಬಿಸಿಯಾಗಿ ಸವೀತದೆ. ಬೆಂಗಳೂರಲ್ಲಿ ಎಂಟು ವರ್ಷ ಓಡಿದ ಗಾಡಿ ಅಂದ್ರೆ ತೆವಳಿಕೊಂಡೇ ಬಂದಿರ್ತದೆ. ಕಿಲೋಮೀಟರ್ ಕಡಿಮೆ ಆಗಿದೆ ಅಂತ ಕುಣೀತಾರೆ. ರಬ್ಬರು, ಪ್ಲಾಸ್ಟಿಕ್ಕು, ಹೋಸು ಕಿಲೋಮೀಟರ್ ನೋಡಿ ಹಾಳಾಗಲ್ಲ, ನಿಂತಲ್ಲೇ ವರ್ಷ ಎಣಿಸಿಕೊಂಡು ಹಾಳಾಗ್ತವೆ. ಮೂರು ವರ್ಷ ಶೆಡ್ಡಲ್ಲಿ ನಿಂತ ಟಿಲ್ಲರ್ ಸ್ಟಾರ್ಟ್ ಮಾಡಿದೋರಿಗೆ ಗೊತ್ತು.

ಇನ್ಸೂರೆನ್ಸು. ಇದನ್ನ ಯಾರೂ ಹೇಳಿಕೊಡಲ್ಲ, ಗಮನ ಇಟ್ಟು ಓದಿ. ಗಾಡಿ ಹಳೇದಾದಂಗೆ ಅದರ ಐಡಿವಿ, ಅಂದ್ರೆ ವಿಮೆ ಕಂಪ್ನಿ ಒಪ್ಪೋ ಬೆಲೆ, ಇಳೀತಾ ಹೋಗ್ತದೆ. ಐದು ವರ್ಷಕ್ಕೇ ಅರ್ಧ. ಕ್ಲೇಮಲ್ಲಿ ರಬ್ಬರ್, ಪ್ಲಾಸ್ಟಿಕ್ ಭಾಗಕ್ಕೆ ಶೇ 50 ಮುರೀತಾರೆ. ಆ ಕಡಿತ ಇಲ್ಲದ ಪಾಲಿಸಿ ಹಳೇ ಗಾಡಿಗೆ ಸಿಗೋದು ಕಷ್ಟ. ರಿಪೇರಿ ಖರ್ಚು ಐಡಿವಿಯ ಶೇ 75 ದಾಟಿದ್ರೆ ಗಾಡಿ ಪೂರ್ತಿ ನಷ್ಟ ಅಂತ ಬರ್ಕೊಳ್ತಾರೆ. ಗಾಡಿ ಬೆಲೆ ಹಳೇದು, ಪಾರ್ಟ್ಸ್ ಬೆಲೆ ಹೊಸದು. ಒಂದು ಕಾಡುಹಂದಿ ಅಡ್ಡ ಬಂದು ಮುಂದಿನ ಬಂಪರ್ರು, ಎರಡು ಲೈಟು, ರೇಡಿಯೇಟರ್ರು ಹೋದ್ರೆ ಅಲ್ಲಿಗೆ ಲೆಕ್ಕ ಮುಗೀಬಹುದು. ಸಾಲದ ಕಂತು ಮಾತ್ರ ಮುಗಿಯಲ್ಲ. 10 ಲಕ್ಷಕ್ಕೆ ಶೇ 14ರ ಬಡ್ಡಿಯಲ್ಲಿ ಐದು ವರ್ಷ ಅಂದ್ರೆ ತಿಂಗಳಿಗೆ ಸುಮಾರು 23,300. ಒಟ್ಟು ಕಟ್ಟೋದು ಸುಮಾರು 14 ಲಕ್ಷ.

ತೆರಿಗೆ. ಹುಡುಗ ತೋರಿಸಿದ ಕಾರಿನ ನಂಬರ್ ಬೇರೆ ರಾಜ್ಯದ್ದು. ಅದಕ್ಕೇ ಅಗ್ಗ. ಬೇರೆ ರಾಜ್ಯದ ಗಾಡಿ ಇಲ್ಲಿ 12 ತಿಂಗಳು ಮೀರಿ ಇದ್ರೆ ಇಲ್ಲಿನ ನಂಬರ್ ಮಾಡಿಸಬೇಕು ಅಂತ ಮೋಟಾರು ವಾಹನ ಕಾಯ್ದೆಯಲ್ಲೇ ಅದೆ. ನಮ್ಮಲ್ಲಿ 20 ಲಕ್ಷ ಮೀರಿದ ಕಾರಿಗೆ ಜೀವಿತಾವಧಿ ತೆರಿಗೆ ಶೇ 18, ಮೇಲೆ ಸೆಸ್ ಬೇರೆ. ಹಳೇ ಗಾಡಿಗೆ ವಯಸ್ಸು ನೋಡಿ ಕಡಿಮೆ ಮಾಡ್ತಾರೆ, ಆದ್ರೆ ಲೆಕ್ಕ ಶುರುವಾಗೋದು ಹೊಸದಾಗಿದ್ದಾಗಿನ ಬೆಲೆಯಿಂದ, ನೀನು ಕೊಟ್ಟ 21ರಿಂದ ಅಲ್ಲ. ಯಾರು ಹಿಡೀತಾರೆ ಅನ್ನಬೇಡಿ. 2025ರ ಫೆಬ್ರವರಿಯಲ್ಲಿ ಬೆಂಗಳೂರಲ್ಲಿ ಸಾರಿಗೆ ಇಲಾಖೆಯೋರು ತೆರಿಗೆ ಕಟ್ಟದ 30 ಐಷಾರಾಮಿ ಕಾರು ಹಿಡಿದ್ರು. ಅದೇ ಜುಲೈಯಲ್ಲಿ ಮಹಾರಾಷ್ಟ್ರ ನಂಬರಿನ ಒಂದು ಫೆರಾರಿಗೆ ಸುಮಾರು 1.42 ಕೋಟಿ ಕಟ್ಟಿಸಿಕೊಂಡ್ರು.

ಇನ್ನು, ಇಷ್ಟು ಅಗ್ಗಕ್ಕೆ ಮಾರೋರು ಯಾರು? ಅದನ್ನೂ ಕೇಳಬೇಕಲ್ಲ. ಇಂಥ ಕಾರನ್ನ ದೊಡ್ಡ ಬಿಸಿನೆಸ್ಸಿನೋರು ಎಷ್ಟೋ ಸಲ ಕಂಪ್ನಿ ಹೆಸರಲ್ಲಿ ತಗೋತಾರೆ, ಇಲ್ಲ ಲೀಸಿಗೆ ತಗೋತಾರೆ. ಲೀಸಿನ ಬಾಡಿಗೆ ವ್ಯಾಪಾರದ ಖರ್ಚಲ್ಲಿ ಬರೀತಾರೆ. ಸ್ವಂತದ್ದಾದ್ರೆ ಆದಾಯ ತೆರಿಗೆಯಲ್ಲಿ ವರ್ಷಕ್ಕೆ ಶೇ 15 ಸವಕಳಿ ತೋರಿಸ್ತಾರೆ. ವಾರಂಟಿ ಮುಗಿಯೋ ಹೊತ್ತಿಗೆ ಕೈ ತೊಳ್ಕೊಳ್ತಾರೆ. ಅವರ ಲೆಕ್ಕ ಸರಿಯಾಗೇ ಅದೆ, ನಾನು ಅವರನ್ನ ಬೈಯಲ್ಲ. ನಮಗೆ ಬೇಸಾಯದ ಆದಾಯಕ್ಕೆ ತೆರಿಗೆನೇ ಇಲ್ಲ, ಇನ್ನು ಸವಕಳಿ ಯಾರ ಹತ್ರ ತೋರಿಸೋದು? ಅವರು ರಸ ಹೀರಿ ಬಿಟ್ಟ ಕಬ್ಬಿನ ಸಿಪ್ಪೆಯನ್ನ ನಾವು ಜಮೀನು ಒತ್ತೆ ಇಟ್ಟು ತಗೊಳ್ಳೋದು.

ಇನ್ನೊಂದು ಥರದ ಅಗ್ಗನೂ ಅದೆ. 2022ರ ಸೆಪ್ಟೆಂಬರಲ್ಲಿ ಬೆಂಗಳೂರಿನ ಯಮಲೂರು, ಬೆಳ್ಳಂದೂರು ಕಡೆ ನೀರು ನುಗ್ಗಿ ಕೋಟಿ ಕೋಟಿ ಬೆಲೆಯ ಕಾರು ಮುಳುಗಿದ್ವು. ಹಿಂಗೆ ಮುಳುಗಿ ಪೂರ್ತಿ ನಷ್ಟ ಅಂತ ಬರೆಸಿಕೊಂಡ ಗಾಡಿಗಳು ಹರಾಜಾಗಿ, ತೊಳೆದು ಪಾಲಿಶ್ ಆಗಿ ಮತ್ತೆ ಸಂತೆಗೆ ಬರ್ತವೆ. ವೈರಿಂಗ್ ಒಳಗೆ ಹೊಕ್ಕ ನೀರು ವರ್ಷ ಬಿಟ್ಟು ಬುದ್ಧಿ ತೋರಿಸ್ತದೆ.

ನಾನು ಇಷ್ಟು ಹೇಳಿದ ಮೇಲೆ ಹುಡುಗ ಒಂದು ಮಾತು ಅಂದ. "ಅಂಗಾರ ದೊಡ್ಡಪ್ಪ, ಅವ್ರ ಮಕ್ಕ ಮಾತ್ರ ಓಡಿಸ್ಬೇಕಾ? ರೈತನ ಮಗ ಹಳೇ ಮೊಪೆಡ್‌ಲೇ ಸಾಯ್ಬೇಕಾ?"

ಈ ಮಾತು ನನಗೆ ನಾಟ್ತು. ಎರಡು ದಿನ ನಿದ್ದೆ ಬರ್ಲಿಲ್ಲ. ಇದಕ್ಕೆ "ಹಾಸಿಗೆ ಇದ್ದಷ್ಟು ಕಾಲು ಚಾಚು" ಅಂತ ಹೇಳಿ ಬಾಯಿ ಮುಚ್ಚಿಸೋದು ದೊಡ್ಡೋರ ಸೋಮಾರಿತನ. ಯಾರ್ಯಾರು ಯಾವ ಬೀದೀಲಿ ಹೆಂಗೆ ನಡೀಬೇಕು ಅಂತ ಕಟ್ಟು ಮಾಡಿದ್ದ ಕಾಲ ನಮ್ಮ ಕಡೆ ಬಹಳ ಹಿಂದಿನದೇನಲ್ಲ. ತಲೆ ಎತ್ಕೊಂಡು ಊರಿಗೆ ಬರ್ಬೇಕು ಅನ್ನೋ ಹಟ ತಪ್ಪಲ್ಲ. ಮತ್ತೆ ನಾವು ದೊಡ್ಡೋರು ಏನು ಕಮ್ಮಿ? ಮೂರೆಕರೆಗೆ ಹೊಸ ಟ್ರ್ಯಾಕ್ಟರ್ ತಂದು ಮನೆ ಮುಂದೆ ನಿಲ್ಲಿಸಿದೋರು ನಮ್ಮಲ್ಲೇ ಎಷ್ಟು ಜನ ಇಲ್ಲ? ಮದುವೆಗೆ ಅಂತ ಜಮೀನು ಭೋಗ್ಯಕ್ಕೆ ಹಾಕಿದೋರು ಎಷ್ಟು ಜನ ಇಲ್ಲ? ಹುಡುಗರು ಕಲಿತಿರೋದು ನಮ್ಮನ್ನ ನೋಡೇ.

ಆದ್ರೆ ಮಗ, ಕೇಳು. ಆ ಕಾರಲ್ಲಿ ನೀನು ಊರಿಗೆ ಬರೋದು ವರ್ಷಕ್ಕೆ ನಾಕು ಸಲ. ಒಳ್ಳೇ ಹಂಪು ಅಂದ್ರೆ ಹತ್ತು ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು ಅಂತ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಅಳತೆ ಅದೆ. ನಮ್ಮೂರ ಹಂಪು ಯಾವ ಅಳತೆಯದು? ಒಂದು ರಾತ್ರೀಲಿ ಎದ್ದು ನಿಂತಿರ್ತದೆ. ಕೊಳ್ಳೇಗಾಲದಿಂದ ಇಲ್ಲಿಗೆ ಬರೋವಷ್ಟರಲ್ಲಿ ನಿನ್ನ ಕಾರಿನ ಹೊಟ್ಟೆ ಎಷ್ಟು ಕಡೆ ಉಜ್ಜುತದೆ? ಮಾದಪ್ಪನ ಬೆಟ್ಟಕ್ಕೆ ಹೋಗೋಣ ಅಂದ್ರೆ ಅವ್ವ ಅಪ್ಪನ್ನ ಎಲ್ಲಿ ಕೂರಿಸ್ತೀಯ? ಹಿಂದಿನ ಸೀಟಲ್ಲಿ ಒಂದು ಚೀಲ ರಾಗಿ ಹಿಡಿಯಲ್ಲ.

ಆಸೆ ಇದ್ರೆ ತೀರಿಸ್ಕೋ, ಬೇಡ ಅನ್ನಲ್ಲ. ರಾಗಿ ಕೊಯ್ಯೋ ಮಿಷನ್ನ ನಾವು ಯಾರಾದ್ರೂ ಕೊಂಡ್ಕೊಂಡಿದ್ದೀವಾ? ವರ್ಷಕ್ಕೆ ಎರಡು ಗಂಟೆ ಕೆಲಸ, ಗಂಟೆ ಲೆಕ್ಕದಲ್ಲಿ ಕರೀತೀವಿ. ಸರ್ಕಾರನೇ ಕೃಷಿ ಯಂತ್ರಧಾರೆ ಅಂತ ಬಾಡಿಗೆ ಕೇಂದ್ರ ಮಾಡಿರೋದು ಇದೇ ಲೆಕ್ಕಕ್ಕೆ. ಬೆಂಗಳೂರಲ್ಲಿ ಇಂಥ ಕಾರು ದಿನದ ಬಾಡಿಗೆಗೂ ಸಿಗ್ತದೆ. ಕಪ್ಪು ಹಲಗೆ ಮೇಲೆ ಹಳದಿ ಅಕ್ಷರದ ನಂಬರ್ ಇದ್ರೆ ಮಾತ್ರ ತಗೋ. ಬಿಳಿ ಹಲಗೆ ಗಾಡಿ ಬಾಡಿಗೆಗೆ ಕೊಟ್ರೆ ಅದು ಕಾನೂನಿಗೆ ವಿರುದ್ಧ, ಏನಾದ್ರೂ ಆದ್ರೆ ಇನ್ಸೂರೆನ್ಸ್ ಕೈ ಎತ್ತಬಹುದು. ವರ್ಷಕ್ಕೆ ಎರಡು ದಿನ ಓಡಿಸು, ಫೋಟೋ ಹಾಕು, ನಾನೇ ಲೈಕ್ ಕೊಡ್ತೀನಿ.

ಇಷ್ಟಾದ್ರೂ ಕೊಂಡೇ ತೀರ್ತೀನಿ ಅನ್ನೋರು ಕಡೇಪಕ್ಷ ಇಷ್ಟು ಮಾಡಿ. ಟೈರಿನ ಪಕ್ಕೆ ಮೇಲೆ ನಾಕು ಅಂಕಿ ಇರ್ತದೆ. 2319 ಅಂದ್ರೆ 2019ರ 23ನೇ ವಾರದಲ್ಲಿ ಮಾಡಿದ್ದು. ಸೀಟ್‌ಬೆಲ್ಟ್ ಕೊನೇವರೆಗೂ ಎಳೀರಿ, ಕೆಸರಿನ ಗೆರೆ ಇದ್ರೆ ಗಾಡಿ ಮುಳುಗಿದ್ದು. ಮೀಟರ್ ನಂಬಬೇಡಿ, ಸರ್ವಿಸ್ ದಾಖಲೆ ಕೇಳಿ, ಸ್ಕ್ಯಾನರ್ ಹಾಕಿಸಿ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ರೆ ಎನ್‌ಒಸಿ, 35ನೇ ನಮೂನೆ ಬರೋವರೆಗೂ ದುಡ್ಡು ಕೊಡಬೇಡಿ. ಗೇರ್‌ಬಾಕ್ಸ್, ನಾಕು ಟೈರು, ಎರಡು ಹೆಡ್‌ಲೈಟು, ಈ ಮೂರರ ಬೆಲೆ ಶೋರೂಮಲ್ಲಿ ಬರೆಸ್ಕೊಂಡು ಬನ್ನಿ. ಅಷ್ಟು ದುಡ್ಡು ಇವತ್ತೇ ಕೈಯಲ್ಲಿ ಇದ್ರೆ ತಗೊಳ್ಳಿ. ಇಲ್ದಿದ್ರೆ ಆ ಕಾರು ನಿಮ್ಮದಲ್ಲ, ನೀವು ಅದರ ಜೀತದಾಳು.

ಕಾರಿನ ಹುಚ್ಚಿರೋ ಹುಡುಗರಿಗೆ ಒಂದು ವಿಷ್ಯ ಗೊತ್ತಿರಲಿ. ಲ್ಯಾಂಬೊರ್ಗಿನಿ ಅಂತ ಬಾಯಿ ಬಿಡ್ತೀರಲ್ಲ, ಆ ಫೆರುಚಿಯೊ ಲ್ಯಾಂಬೊರ್ಗಿನಿ ಇಟಲಿಯ ರೈತನ ಮಗ. ಮೊದಲು 1948ರಲ್ಲಿ ಟ್ರ್ಯಾಕ್ಟರ್ ಕಂಪ್ನಿ ಮಾಡ್ದ. ಅದರಲ್ಲಿ ದುಡ್ಡು ಆದ ಮೇಲೆ 1963ರಲ್ಲಿ ಕಾರು ಕಂಪ್ನಿ. 1970ರ ದಶಕದಲ್ಲಿ ಎರಡನ್ನೂ ಮಾರಿ, ಉಂಬ್ರಿಯಾ ಅನ್ನೋ ಕಡೆ ಜಮೀನಲ್ಲಿ ದ್ರಾಕ್ಷಿ ಬೆಳ್ಕೊಂಡು ಕೂತ. ಅಂಥ ಕಾರು ಮಾಡಿದೋನೇ ಕೊನೆಗೆ ಕಾರು ಬಿಟ್ಟು ಭೂಮಿ ಇಟ್ಕೊಂಡ. ನಾವು ಭೂಮಿ ಬಿಟ್ಟು ಕಾರು ಇಟ್ಕೊಳ್ಳೋಕೆ ಹೊರಟಿದ್ದೀವಿ.

ನಮ್ಮ ಆ ಎರಡೆಕರೆ ಬಗ್ಗೆ ಹೇಳಿ ಮುಗಿಸ್ತೀನಿ. ಅದು ನಮ್ಮಪ್ಪ ಇನ್ನೊಬ್ಬರ ಹತ್ರ ವಾರಕ್ಕೆ ಮಾಡ್ತಿದ್ದ ಜಮೀನು. ಬೆಳೆದಿದ್ರಲ್ಲಿ ಅರ್ಧ ಅವರ ಕಣಕ್ಕೆ ಹೊತ್ತು ಹಾಕಿ ಬರ್ತಿದ್ರು. ದೇವರಾಜ ಅರಸು ಕಾಲದಲ್ಲಿ 1974ರ ಭೂ ಸುಧಾರಣೆ ತಿದ್ದುಪಡಿ ಬಂದಾಗ 7ನೇ ನಮೂನೆ ಅರ್ಜಿ ಹಾಕಿ, ಕೊಳ್ಳೇಗಾಲಕ್ಕೆ ಅಲೆದೂ ಅಲೆದೂ ನಮ್ಮದು ಮಾಡ್ಕೊಂಡಿದ್ದು. ಅಪ್ಪ ಹೆಬ್ಬೆಟ್ಟು ಒತ್ತಿ ಪಡೆದ ಜಮೀನಿಗೆ ನಾನು ಎಸ್‌ಎಸ್‌ಎಲ್‌ಸಿ ಓದಿದೋನು ರುಜು ಹಾಕಿ ಕಳೀಬೇಕಾ?

ಮೂರು ವರ್ಷಕ್ಕೆ ಬಿಡಿಸ್ಕೋತೀವಿ ಅಂತಾರೆ. ಬಡ್ಡಿ ಇಲ್ಲ, ಸರಿ. ಆದ್ರೆ ಆ ಮೂರು ವರ್ಷ ಬೋರಿನ ನೀರು ಬೇರೆಯೋರದು, ಅರಿಶಿನ ಬೇರೆಯೋರದು. ವಾಪಸ್ ಕೊಡಬೇಕಾದಾಗ 5 ಲಕ್ಷ ಎಲ್ಲಿಂದ ತರ್ತೀರಿ? ಕಾರು ಮಾರಿನಾ? ಅದು ಆಗ ಹನ್ನೊಂದು ವರ್ಷದ್ದು.

ತಮ್ಮ, ನೀನೂ ಇದನ್ನ ಓದ್ತೀಯ ಅಂತ ಗೊತ್ತು. ಮಗನ ಮೇಲಿನ ಪ್ರೀತಿಗೆ ಹೂಂ ಅಂದಿದ್ದೀಯ, ನಿನ್ನ ಮೇಲೆ ಸಿಟ್ಟಿಲ್ಲ. ನಾನು ರುಜು ಹಾಕಲ್ಲ. ಭಾಗ ಬೇಕು ಅಂದ್ರೆ ಭಾಗ ಮಾಡೋಣ, ಪಂಚಾಯ್ತಿ ಬೇಕಾಗಿಲ್ಲ, ಬೋರ್ ಇರೋ ಕಡೆನೇ ನೀನು ತಗೋ. ಆಮೇಲೆ ನಿನ್ನ ಇಷ್ಟ. ಆದ್ರೆ ಈ ಬುಧವಾರ ಹೊಲಕ್ಕೆ ಬಾ. ಮೋಟಾರ್ ಎತ್ತಬೇಕು, ಒಬ್ಬನ ಕೈಲಾಗಲ್ಲ.