ಆನೆ ಎಲ್ಲಿದೆ?

ಕಾಫಿಯ ಹಣ್ಣು ಕೆಂಪೇರುವ ಕಾಲ ಬಂದಿತೆಂದರೆ ಆಲೂರು ಸಕಲೇಶಪುರಗಳ ಸೀಮೆಯಲ್ಲಿ ಮನೆಮನೆಗೂ ಬಿಡುವಿಲ್ಲದ ದಿನಗಳು. ಗದ್ದೆಯಲ್ಲಿ ಭತ್ತವೂ ಅದೇ ವೇಳೆಗೆ ತೆನೆಗಟ್ಟಿ ಬಾಗಿರುವುದು. ಮಂಜು ಇನ್ನೂ ಕರಗದಿರುವಾಗಲೇ ಹೆಂಗಸರೂ ಗಂಡಸರೂ ಬುತ್ತಿ ಕಟ್ಟಿಕೊಂಡು ತೋಟದ ದಾರಿ ಹಿಡಿಯುವರು. ಆ ದಾರಿಯ ಬದಿಯಲ್ಲಿ, ಸಿಲ್ವರ್ ಮರಗಳ ಸಾಲಿನ ಹಿಂದೆ, ಹತ್ತು ಮಾರು ದೂರದಲ್ಲಿ ಆನೆಯೊಂದು ನಿಂತಿದ್ದರೂ ಅವರ ಕಣ್ಣಿಗೆ ಬೀಳುವ ಹಾಗಿಲ್ಲ. ಅಷ್ಟು ದೊಡ್ಡ ಪ್ರಾಣಿ ಅಷ್ಟು ಸದ್ದಿಲ್ಲದೆ ಇರಬಲ್ಲುದೇ ಎಂದು ಪಟ್ಟಣದ ವಾಚಕರು ಆಶ್ಚರ್ಯಪಡಬಹುದು. ಆನೆಯ ಅಂಗಾಲಿನೊಳಗೆ ಮೆತ್ತೆಯಂತಹ ಕೊಬ್ಬಿನ ಪದರವಿರುವುದರಿಂದ ಅದರ ಹೆಜ್ಜೆಯ ಸದ್ದು ಅಡಗಿಹೋಗುವುದು. ಮಲೆನಾಡಿನವರು ಇದನ್ನು ಪುಸ್ತಕದಿಂದ ಕಲಿತವರಲ್ಲ.

ಆಲೂರಿನ ಕಡೆಯ ನಮ್ಮ ಬಂಧುಗಳ ಮನೆಯಲ್ಲಿ ಇಂತಹ ಒಂದು ಮುಂಜಾನೆ ನಾವು ಅತಿಥಿಗಳಾಗಿದ್ದೆವು. ಆಳುಗಳು ಅಂಗಳದಲ್ಲಿ ಸೇರಿದ್ದರು. ಮನೆಯ ಹಿರಿಯರಾದ ಅಜ್ಜಿಯವರು ಜಗಲಿಗೆ ಬಂದು ಮೊಮ್ಮಗಳನ್ನು ಕರೆದು, “ಆನೆ ಎಲ್ಲಿದೆ ಅಂತ ಮೊದಲು ನೋಡೇ ಮಗಾ. ಆಮೇಲೆ ಇವರನ್ನ ತೋಟಕ್ಕೆ ಕಳಿಸೋಣ” ಎಂದರು. ಹುಡುಗಿ ಮೊಬೈಲಿನಲ್ಲಿ ಬಂದಿದ್ದ ಸಂದೇಶವನ್ನು ಗಟ್ಟಿಯಾಗಿ ಓದಿದಳು. ಹಿಂಡು ನೆರೆಯ ತೋಟದಲ್ಲಿದ್ದಿತು. ಆ ದಿನ ಕೊಯ್ಲು ಮೇಲುಭಾಗದ ಪಟ್ಟೆಗೆ ಬದಲಾಯಿತು. ಒಂದು ಪ್ರಶ್ನೆ, ಒಂದು ಉತ್ತರ. ಸಂಜೆಗೆ ಎಲ್ಲರೂ ಮನೆಗೆ ಬಂದರು. ಈ ಪುಟ್ಟ ಉತ್ತರದ ಹಿಂದೆ ಎಷ್ಟು ವಿದ್ಯೆ ಕೂಡಿಬಂದಿರುವುದೆಂಬುದನ್ನೂ, ಆ ವಿದ್ಯೆಯು ಎಲ್ಲಿ ನಿಂತುಹೋಗುವುದೆಂಬುದನ್ನೂ ಈ ತಿಂಗಳು ವಿಚಾರಮಾಡೋಣ.

ಚಲಿಸುವ ವಸ್ತುವನ್ನು ಕುರಿತು ಎರಡು ಪ್ರಶ್ನೆಗಳುಂಟು. ಅದು ಇದೆಯೇ, ಇಲ್ಲವೇ? ಇದ್ದರೆ ಎತ್ತ ಹೊರಟಿದೆ? ಮೊದಲನೆಯದು ಪತ್ತೆ, ಎರಡನೆಯದು ಜಾಡು. ಹಿಂದಿನ ಕಾಲದಲ್ಲಿ ಇವೆರಡಕ್ಕೂ ಮನುಷ್ಯನ ಕಣ್ಣು ಕಿವಿ ಮೂಗುಗಳೇ ಸಾಧನಗಳು. ಕಾಕನಕೋಟೆಯಲ್ಲಿ ೧೯೭೧ರಲ್ಲಿ ಕೊನೆಯ ಖೆಡ್ಡಾ ನಡೆಯುವವರೆಗೂ ಕಾಡಿನ ಜನರು ಹೆಜ್ಜೆ, ಲದ್ದಿ, ಮುರಿದ ಕೊಂಬೆಗಳನ್ನು ನೋಡಿಯೇ ಹಿಂಡಿನ ಸುಳಿವು ಹೇಳುತ್ತಿದ್ದರು. ಲದ್ದಿ ಬೆಚ್ಚಗಿದ್ದರೆ ಆನೆ ಹತ್ತಿರದಲ್ಲಿದೆ. ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನು ಎರಡರಿಂದ ಗುಣಿಸಿದರೆ ಭುಜದವರೆಗಿನ ಎತ್ತರ ಹೆಚ್ಚುಕಡಮೆ ತಿಳಿಯುವುದು. ಒಂದು ದಾರವೂ ತುಸು ಲೆಕ್ಕವೂ ಸಾಕಾಗುವ ಈ ಸೂತ್ರವು ಇಂದಿಗೂ ಸುಳ್ಳಾಗಿಲ್ಲ.

ಅನಂತರ ಬಂದುದು ರೇಡಿಯೋ. ಪ್ರಾಣಿಯ ಕೊರಳಿಗೆ ಸಣ್ಣ ಪ್ರೇಷಕವುಳ್ಳ ಪಟ್ಟಿಯನ್ನು ಕಟ್ಟಿ, ಅದು ಬಿಡುವ ‘ಟಿಕ್ ಟಿಕ್’ ಎಂಬ ಸದ್ದನ್ನು ಕೈಯಲ್ಲಿ ಹಿಡಿದ ಆಂಟೆನಾದಿಂದ ಆಲಿಸುವ ಕ್ರಮವಿದು. ನಮ್ಮ ನಾಗರಹೊಳೆಯಲ್ಲಿ ಡಾಕ್ಟರ್ ಉಲ್ಲಾಸ ಕಾರಂತರು ೧೯೯೦ರಿಂದ ಹುಲಿಗಳನ್ನು ಹೀಗೆಯೇ ಅನುಸರಿಸಿದರು. ಇದರ ತತ್ವವನ್ನು ಮಕ್ಕಳಿಗೆ ಅಂಗಳದಲ್ಲೇ ತೋರಿಸಬಹುದು. ಇಬ್ಬರು ಮಕ್ಕಳ ಕಣ್ಣು ಕಟ್ಟಿ ಅಂಗಳದ ಎರಡು ಮೂಲೆಗಳಲ್ಲಿ ನಿಲ್ಲಿಸಿರಿ. ಮೂರನೆಯ ಮಗುವು ಎಲ್ಲಿಯಾದರೂ ನಿಂತು ಗಂಟೆ ಬಾರಿಸಲಿ. ಇಬ್ಬರೂ ಸದ್ದಿನ ಕಡೆಗೆ ಕೈ ತೋರಲಿ. ಒಬ್ಬನ ಕೈ ದಿಕ್ಕನ್ನು ಮಾತ್ರ ಹೇಳುವುದು. ಇಬ್ಬರ ಕೈಗಳ ನೇರವು ಎಲ್ಲಿ ಸಂಧಿಸುವುದೋ ಅದೇ ಜಾಗ. ಕಾಡಿನಲ್ಲಿಯೂ ಎರಡು ಕಡೆಗಳಿಂದ ಆಲಿಸಿ ನಕ್ಷೆಯ ಮೇಲೆ ಎರಡು ಗೆರೆಗಳನ್ನೆಳೆದರೆ ಪ್ರಾಣಿಯ ನೆಲೆ ಸಿಕ್ಕುವುದು. ಆದರೆ ಇದಕ್ಕೆ ಹಗಲಿರುಳು ಬೆಟ್ಟ ಹತ್ತಿಳಿಯುವ ಮನುಷ್ಯರು ಬೇಕು.

ಈಗ ಹಾಸನದ ಆನೆಗಳಿಗೆ ತೊಡಿಸುವ ರೇಡಿಯೋ ಕಾಲರಿನಲ್ಲಿ ಲೆಕ್ಕವು ತಿರುಗುಮುರುಗಾಗಿದೆ. ಇಲ್ಲಿ ಪಟ್ಟಿಯೇ ಆಲಿಸುವುದು. ಭೂಮಿಯಿಂದ ಸುಮಾರು ೨೦,೦೦೦ ಕಿಲೋಮೀಟರು ಎತ್ತರದಲ್ಲಿ ಸುತ್ತುವ ಉಪಗ್ರಹಗಳು ತಮ್ಮ ಗಡಿಯಾರದ ವೇಳೆಯನ್ನು ಎಡೆಬಿಡದೆ ಸಾರುತ್ತಿರುವುವು. ರೇಡಿಯೋ ಅಲೆಯು ಸೆಕೆಂಡಿಗೆ ಸುಮಾರು ೩ ಲಕ್ಷ ಕಿಲೋಮೀಟರು ಓಡುವುದು. ಯಾವ ಉಪಗ್ರಹದ ವೇಳೆ ಎಷ್ಟು ತಡವಾಗಿ ಮುಟ್ಟಿತೆಂಬುದರಿಂದ ಅದರ ದೂರ ತಿಳಿಯುವುದು. ಕಡಮೆಯೆಂದರೆ ನಾಲ್ಕು ಉಪಗ್ರಹಗಳು ಸಿಕ್ಕಿದರೆ ಆನೆಯ ನೆಲೆ ತಿಳಿಯುವುದು. ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿನಷ್ಟು ವೇಳೆ ತಪ್ಪಿದರೂ ೩೦೦ ಮೀಟರಿನ ಅಂತರ ಬೀಳುವುದೆಂದ ಮೇಲೆ ಆ ಗಡಿಯಾರಗಳ ನಿಷ್ಠೆಯನ್ನು ಊಹಿಸಿಕೊಳ್ಳಬಹುದು. ಹೀಗೆ ತಿಳಿದ ನೆಲೆಯನ್ನು ಪಟ್ಟಿಯು ಮೊಬೈಲಿನ ಜಾಲದ ಮೂಲಕವೋ ಉಪಗ್ರಹದ ಮೂಲಕವೋ ಅರಣ್ಯ ಇಲಾಖೆಗೆ ಕಳಿಸುವುದು. ಹೊರದೇಶದಿಂದ ತರಿಸುವ ಪಟ್ಟಿಗೆ ಆರು ಲಕ್ಷ ರೂಪಾಯಿಗಳಿಗೂ ಮೇಲ್ಪಟ್ಟ ಬೆಲೆ. ೨೦೨೫ರಲ್ಲಿ ನಮ್ಮ ರಾಜ್ಯದಲ್ಲಿಯೇ ಸಿದ್ಧವಾದ ಪಟ್ಟಿಯು ಎರಡು ಲಕ್ಷದೊಳಗೆ ಬಂದುದು ಸಂತೋಷದ ವಿಷಯ.

ಹಿಂಡಿನ ಪ್ರತಿಯೊಂದು ಆನೆಗೂ ಪಟ್ಟಿ ಬೇಕಾಗಿಲ್ಲ. ಆನೆಯ ಹಿಂಡೆಂದರೆ ಹಿರಿಯ ಹೆಣ್ಣಾನೆಯ ಮುಂದಾಳುತನದಲ್ಲಿ ನಡೆಯುವ ಒಂದು ಕುಟುಂಬ. ತಾಯಿ, ಮಗಳು, ಚಿಕ್ಕಮ್ಮ, ಮರಿ ಎಲ್ಲರೂ ಒಟ್ಟಾಗಿಯೇ ಇರುವುದರಿಂದ ಒಂದರ ನೆಲೆ ತಿಳಿದರೆ ಬಹುಮಟ್ಟಿಗೆ ಎಲ್ಲವುಗಳ ನೆಲೆಯೂ ತಿಳಿದಂತೆ. ಭುವನೇಶ್ವರಿ, ಬೀಟಮ್ಮ ಎಂಬ ಆನೆಗಳ ಹೆಸರುಗಳು ಈ ಸೀಮೆಯಲ್ಲಿ ನೆಂಟರ ಹೆಸರುಗಳಂತೆ ಮನೆಮಾತಾಗಿರುವುದು ಹೀಗೆ. ಗಂಡಾನೆಯಾದರೋ ಪ್ರಾಯಕ್ಕೆ ಬಂದ ಮೇಲೆ ಹಿಂಡನ್ನು ಬಿಟ್ಟು ತನ್ನ ದಾರಿ ಹಿಡಿಯುವುದು. ಪಟ್ಟಿಯಿಲ್ಲದ ಒಂಟಿ ಸಲಗದ ವಿಷಯದಲ್ಲಿ ಉಪಗ್ರಹಗಳು ಮೂಕವಾಗಿರುವುವು.

ಇನ್ನೊಂದು ತೊಡಕನ್ನೂ ತಿಳಿದಿರಬೇಕು. ಪಟ್ಟಿಯು ಗಳಿಗೆಗೊಮ್ಮೆ ನೆಲೆಯನ್ನು ಕಳಿಸಿದರೆ ಬ್ಯಾಟರಿ ಬೇಗ ತೀರುವುದು. ಬ್ಯಾಟರಿ ಬದಲಿಸಬೇಕಾದರೆ ಆನೆಯನ್ನು ಮತ್ತೆ ಹಿಡಿಯಬೇಕು. ಆದಕಾರಣ ಸುದ್ದಿಯು ಬಿಟ್ಟು ಬಿಟ್ಟು ಬರುವುದು. ಆನೆ ಸುಮ್ಮನೆ ನಡೆದರೂ ಗಂಟೆಗೆ ನಾಲ್ಕು ಕಿಲೋಮೀಟರು ಹೋಗಬಲ್ಲುದು. ಒಂದು ಗಂಟೆಯ ಹಿಂದಿನ ಸುದ್ದಿಯಾದರೆ ಅದು ನಾಲ್ಕು ಕಿಲೋಮೀಟರು ಸುತ್ತಿನ ಯಾವ ಕಡೆಯಲ್ಲಿಯೂ ಇರಬಹುದು. ಎಂದರೆ ಸುಮಾರು ೫೦ ಚದರ ಕಿಲೋಮೀಟರು ನೆಲ. ಎರಡು ಗಂಟೆಯ ಹಿಂದಿನದಾದರೆ ಆ ನೆಲವು ಎರಡರಷ್ಟಾಗದೆ ನಾಲ್ಕರಷ್ಟು, ಸುಮಾರು ೨೦೦ ಚದರ ಕಿಲೋಮೀಟರು ಆಗುವುದು. ಹಿಂದಿನ ನೆಲೆಗಳನ್ನು ಜೋಡಿಸಿ ವೇಗವನ್ನೂ ದಿಕ್ಕನ್ನೂ ನೋಡಿದರೆ ಊಹೆ ಬಿಗಿಯಾಗುವುದು ನಿಜ. ಆದರೆ ದಾರಿಯಲ್ಲಿ ಒಂದು ಹಲಸಿನ ಮರ ಹಣ್ಣು ಬಿಟ್ಟು ನಿಂತಿದ್ದರೆ ಎಲ್ಲ ಗಣಿತವೂ ಅಲ್ಲಿಯೇ ನಿಲ್ಲುವುದು. ನಿನ್ನೆಯ ಸಂದೇಶವನ್ನು ನಂಬಿ ಇಂದು ತೋಟಕ್ಕೆ ಹೋಗುವುದೆಂದರೆ ಹಳೆಯ ಪಂಚಾಂಗ ನೋಡಿ ಹಬ್ಬ ಮಾಡಿದ ಹಾಗೆ.

ಪಟ್ಟಿಯಿಲ್ಲದ ಆನೆಗಾಗಿ ಬೇರೆ ಸಾಧನಗಳುಂಟು. ಮರಕ್ಕೆ ಕಟ್ಟಿದ ಕ್ಯಾಮರಾದೊಳಗಿನ ಸಂವೇದಕವು, ಎಂದರೆ ಶಾಖದ ಸಂಚಾರವನ್ನು ಅರಿಯುವ ಪುಟ್ಟ ಯಂತ್ರವು, ಬೆಚ್ಚಗಿನ ಮೈಯೊಂದು ಎದುರಿಗೆ ಹಾಯ್ದೊಡನೆ ಎಚ್ಚತ್ತು ಚಿತ್ರ ತೆಗೆಯುವುದು. ಶಾಖವನ್ನು ಕಾಣಬಲ್ಲ ಕ್ಯಾಮರಾವನ್ನು ಡ್ರೋನಿಗೆ ಕಟ್ಟಿ ಕತ್ತಲಲ್ಲಿಯೂ ಹುಡುಕುವುದುಂಟು. ಆದರೆ ದಟ್ಟವಾದ ನೆರಳುಮರಗಳ ಕೆಳಗೆ ಅದರ ಆಟ ನಡೆಯದು, ಬಿಸಿಲೇರಿ ಬಂಡೆಗಳು ಕಾದ ಮೇಲೆ ಆನೆಗೂ ಬಂಡೆಗೂ ಭೇದ ತೋರದು. ಇಂತಹ ಯಂತ್ರಗಳನ್ನೆಲ್ಲ ಕಾಡುವ ಸಂದಿಗ್ಧವೊಂದಿದೆ. ಬಹಳ ಚುರುಕಾಗಿಟ್ಟರೆ ದನ ಬಂದರೂ ಬಿಸಿಲಿಗೆ ಕಾದ ಕೊಂಬೆ ತೂಗಿದರೂ ಆನೆ ಎನ್ನುವುದು. ಮಂದವಾಗಿಟ್ಟರೆ ಆನೆ ಬಂದರೂ ಸುಮ್ಮನಿರುವುದು. ಹುಸಿ ಎಚ್ಚರಿಕೆ ಹತ್ತು ಸಲ ಬಂದರೆ ಹನ್ನೊಂದನೆಯ ಸಲ ಯಾರು ತಾನೇ ಲಕ್ಷ್ಯವಿಡುವರು? ತೋಳ ಬಂತು ತೋಳ ಎಂದ ಹುಡುಗನ ಕಥೆಯನ್ನು ನಾವೆಲ್ಲರೂ ಬಾಲ್ಯದಲ್ಲಿ ಓದಿರುವೆವಷ್ಟೆ. ಯಾವ ತಪ್ಪನ್ನು ಎಷ್ಟರಮಟ್ಟಿಗೆ ಸಹಿಸಬೇಕೆಂಬುದನ್ನು ಯಂತ್ರವು ನಿಶ್ಚಯಿಸಲಾರದು; ಅದು ಮನುಷ್ಯನ ವಿವೇಕಕ್ಕೆ ಸೇರಿದ್ದು.

ಆನೆಗಳನ್ನೇ ಸಾಗಿಸಿಬಿಟ್ಟರೆ ಈ ರಗಳೆ ಏಕೆ ಎಂದು ಕೇಳುವವರಿರುವರು. ಪ್ರೊಫೆಸರ್ ರಾಮನ್ ಸುಕುಮಾರರ ಅಧ್ಯಕ್ಷತೆಯಲ್ಲಿ ನೇಮಕವಾದ ಆನೆ ಕಾರ್ಯಪಡೆಯು ೨೦೧೨ರಲ್ಲಿ ಕೊಟ್ಟ ವರದಿಯಲ್ಲಿ ಆಲೂರಿನ ಭಾಗದಿಂದ ಆನೆಗಳನ್ನು ತೆಗೆಯಬೇಕೆಂದು ಸಲಹೆ ಮಾಡಿದ್ದಿತು. ೨೦೧೪ರ ಸುಮಾರಿಗೆ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಇಲ್ಲಿಂದ ಹಿಡಿದರು. ಬರಿದಾದ ನೆಲೆಗೆ ಬೇರೆ ಆನೆಗಳು ಬಂದುವು. ಹಿಡಿಯುವ ಕೆಲಸಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ೨೦೨೩ನೆಯ ಆಗಸ್ಟ್ ೩೧ರಂದು ಆಲೂರು ತಾಲ್ಲೂಕಿನಲ್ಲಿ, ಗಾಯಗೊಂಡಿದ್ದ ಭೀಮನೆಂಬ ಆನೆಗೆ ಚಿಕಿತ್ಸೆಮಾಡಲೆಂದು ಅರಿವಳಿಕೆಯ ಮದ್ದು ಹೊಡೆಯಹೋದ ಅನುಭವಿಯೊಬ್ಬರು ಅದೇ ಆನೆಗೆ ಬಲಿಯಾದರು. ಅದೇ ವರ್ಷದ ಡಿಸೆಂಬರ್ ೪ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ, ಮೈಸೂರು ದಸರೆಯಲ್ಲಿ ಎಂಟು ಸಲ ಚಿನ್ನದ ಅಂಬಾರಿಯನ್ನು ಹೊತ್ತ ಅರ್ಜುನನು ಕಾಡಾನೆಯೊಡನೆ ಕಾದಾಡಿ ಮಡಿದನು. ಒಂದೊಂದು ಪಟ್ಟಿಯನ್ನು ತೊಡಿಸುವುದರ ಹಿಂದೆಯೂ ಇಂತಹ ಅಪಾಯವಿದೆಯೆಂಬುದನ್ನು ಸಂದೇಶ ಓದುವಾಗ ನಾವು ನೆನೆಯಬೇಕು.

ವಾಲ್ಪಾರೈಯ ಚಹಾ ತೋಟಗಳಲ್ಲಿ ವಿಚಾರಿಸಿದವರು ಕಂಡುಕೊಂಡ ಸಂಗತಿಯೊಂದುಂಟು: ಆನೆಯಿಂದ ಪ್ರಾಣ ಕಳೆದುಕೊಂಡವರಲ್ಲಿ ಬಹುಮಂದಿಗೆ ಆನೆ ಅಲ್ಲಿದೆಯೆಂಬ ಸುದ್ದಿಯೇ ತಿಳಿದಿರಲಿಲ್ಲ. ಅಂದಮೇಲೆ ಸುದ್ದಿಯನ್ನು ಮುಟ್ಟಿಸುವುದೇ ಮುಖ್ಯ. ಹಾಸನದ ಕಡೆಯಲ್ಲಿಯೂ ಮೊಬೈಲಿನ ಸಂದೇಶಗಳೂ ದಾರಿಬದಿಯ ಬೆಳಕಿನ ಫಲಕಗಳೂ ಈ ಉದ್ದೇಶಕ್ಕಾಗಿಯೇ ಬಂದಿವೆ. ಆದರೆ ಉಪಗ್ರಹದಿಂದ ಜಗಲಿಯವರೆಗೆ ಕ್ಷಣಮಾತ್ರದಲ್ಲಿ ಬಂದ ಸುದ್ದಿಯು ಜಗಲಿಯಿಂದ ಅಂಗಳಕ್ಕೆ ಇಳಿಯದಿದ್ದರೆ ಏನು ಪ್ರಯೋಜನ? ಯಜಮಾನರ ಜೇಬಿನಲ್ಲಿ ಮೊಬೈಲು ಇದೆ. ಹಣ್ಣು ಕೊಯ್ಯುವ ಹೆಂಗಸಿನ ಬಳಿ ಅದಿಲ್ಲದಿರಬಹುದು, ಇದ್ದರೂ ಓದಲು ಬಾರದಿರಬಹುದು, ಓದಲು ಬಂದರೂ ಹಳ್ಳದ ಇಳಿಜಾರಿನಲ್ಲಿ ಜಾಲ ಸಿಕ್ಕದಿರಬಹುದು. ದೂರದ ಊರಿನಿಂದ ಕೊಯ್ಲಿಗೆಂದು ಬಂದವರಿಗೆ ನಮ್ಮ ಭಾಷೆಯೇ ತಿಳಿಯದಿರಬಹುದು. ಆ ಕೊನೆಯ ನೂರು ಮಾರನ್ನು ದಾಟಿಸಬೇಕಾದವರು ಗೃಹಸ್ಥರೇ.

ಆದುದರಿಂದ ಆ ಸೀಮೆಯ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ಬೆಳಗಿನ ಸಂದೇಶವನ್ನು ಆಳುಗಳೆಲ್ಲರೂ ಕೇಳುವಂತೆ ಓದಿಸಿರಿ. ಅದು ಎಷ್ಟು ಹೊತ್ತಿನದೆಂಬುದನ್ನೂ ನೋಡಿರಿ. ಸಂದೇಶ ಬಾರದಿದ್ದರೆ ಆನೆಯಿಲ್ಲವೆಂದು ತಿಳಿಯಬೇಡಿರಿ. ಆನೆ ನಿಮ್ಮ ತೋಟದಲ್ಲಿದ್ದರೆ ಆ ಪಟ್ಟೆಯ ಕೆಲಸವನ್ನು ಆ ದಿನ ನಿಲ್ಲಿಸಿರಿ. ಅದಕ್ಕಾಗಿ ಕೂಲಿಯನ್ನು ಹಿಡಿಯಬೇಡಿರಿ, ಏಕೆಂದರೆ ಕೂಲಿ ಹೋದೀತೆಂಬ ಭಯವು ಆನೆಯ ಭಯಕ್ಕಿಂತ ದೊಡ್ಡದಾದಾಗ ಬಡವರು ಎಚ್ಚರಿಕೆಯನ್ನು ಕೇಳಿಯೂ ಕೇಳದಂತೆ ಇದ್ದುಬಿಡುವರು. ನೀವೇ ಆನೆಯನ್ನು ಕಂಡರೆ ಚಿತ್ರ ತೆಗೆಯಲು ನಿಲ್ಲದೆ ಅರಣ್ಯ ಇಲಾಖೆಗೂ ನೆರೆಯವರಿಗೂ ತಿಳಿಸಿರಿ. ಪಟ್ಟಿಯಿಲ್ಲದ ಒಂಟಿ ಸಲಗದ ಜಾಡನ್ನು ಹಿಡಿಯಲು ಇಂದಿಗೂ ನೆರೆಮನೆಯವರ ಕಣ್ಣಿಗಿಂತ ಮೇಲಾದ ಸಾಧನವಿಲ್ಲ.

ಆ ಮುಂಜಾನೆ ಅಜ್ಜಿಯವರು ಕೊನೆಯ ಆಳು ಮೇಲುಭಾಗದ ದಾರಿ ಹಿಡಿಯುವವರೆಗೂ ಜಗಲಿಯಲ್ಲಿ ನಿಂತಿದ್ದರು. ಒಬ್ಬಾಕೆ ತಡವಾಗಿ ಬಂದು, ಯಾರನ್ನೂ ಕೇಳದೆ ಎಂದಿನ ದಾರಿಗೆ ತಿರುಗಿದಳು. “ಅತ್ತ ಬೇಡ ಕಣವ್ವಾ, ಆನೆ ಇದೆ” ಎಂದು ಅಜ್ಜಿ ಕೂಗಿದರು. ಆಕೆ ಹಿಂದಿರುಗಿದಳು. ಉಪಗ್ರಹಗಳ ಕೆಲಸ ಪೂರ್ಣವಾದುದು ಆಗಲೇ.