‘ಯಾವಾಗ ಬೇಕಾದರೂ’ ಅಂದರೆ ಯಾವಾಗ?

ಧಾರಾವಾಹಿಯನ್ನು ದಿನಕ್ಕೊಂದೋ ವಾರಕ್ಕೊಂದೋ ಕಂತಿನಂತೆ ಕಾಯ್ದು ನೋಡುವುದು ಚೆಂದವೋ, ಎಲ್ಲ ಕಂತುಗಳನ್ನೂ ಗುಡ್ಡೆ ಹಾಕಿಕೊಂಡು ಒಂದೇ ಪಟ್ಟಿಗೆ ನೋಡಿ ಮುಗಿಸುವುದು ಚೆಂದವೋ? ಇಂಟರ್ನಲ್ಸ್ ಮುಗಿದ ರಾತ್ರಿ ನಮ್ಮ ಹಾಸ್ಟೆಲ್‌ನಲ್ಲಿ ಈ ಚರ್ಚೆ ತಪ್ಪಿದ್ದಲ್ಲ. ರೂಮಿನಲ್ಲಿ ನಾಲ್ವರು ಹುಡುಗಿಯರಿದ್ದೇವೆ. ಜಮಖಂಡಿಯವಳು ನಾನು. ಮುಧೋಳದವಳೊಬ್ಬಳು, ಬೀಳಗಿ ತಾಲ್ಲೂಕಿನವಳೊಬ್ಬಳು, ಇನ್ನೊಬ್ಬಳು ಹಾವೇರಿ ಕಡೆಯವಳು. ಉಳಿದ ಮೂವರ ಮತ ಒಂದೇ: ಕಾಯುವುದು ಹಳೇ ಕಾಲದವರ ಹಣೆಬರಹ, ಈಗ ಫೋನಿದೆ, ಡೇಟಾ ಇದೆ, ಮನಸ್ಸು ಬಂದಾಗ ಮನಸ್ಸಿಗೆ ಬಂದಷ್ಟು ನೋಡಬಹುದು.

ನಾನೂ ಹಾಗೆ ನೋಡುವವಳೇ. ರಜೆ ಸಿಕ್ಕರೆ ಒಂದೇ ರಾತ್ರಿಗೆ ಎಂಟು ಕಂತು ಮುಗಿಸಿ, ಬೆಳಗಿನ ಹಾಲಿನ ಗಾಡಿಯ ಸದ್ದು ಕೇಳಿ ಮಲಗಿದ್ದುಂಟು. ಅದರ ರುಚಿಯೇ ಬೇರೆ, ಅದನ್ನು ಅಲ್ಲಗಳೆಯಲಾರೆ. ಆದರೆ ಈ ಚರ್ಚೆಯಲ್ಲಿ ನಾವು ಯಾವಾಗಲೂ ರುಚಿಯ ಬಗ್ಗೆ ಮಾತ್ರ ಮಾತಾಡುತ್ತೇವೆ, ವೇಳೆ ಯಾರದು ಎಂದು ಕೇಳುವುದಿಲ್ಲ ಎಂಬುದೇ ನನ್ನ ತಕರಾರು.

ಮೊದಲು ರುಚಿಯ ಮಾತನ್ನೇ ಮುಗಿಸೋಣ. ದೂರದರ್ಶನದಲ್ಲಿ ರಾಮಾನಂದ ಸಾಗರ್ ಅವರ ‘ರಾಮಾಯಣ’ 1987ರ ಜನವರಿ 25ರಂದು ಶುರುವಾಗಿ 1988ರ ಜುಲೈ 31ರವರೆಗೆ ನಡೆಯಿತು. ವಾರಕ್ಕೊಂದು ಕಂತು, ಭಾನುವಾರ ಬೆಳಿಗ್ಗೆ. ಆಗ ನಮ್ಮ ಓಣಿಯಲ್ಲಿ ಟಿ.ವಿ. ಇದ್ದದ್ದು ಎರಡೇ ಮನೆಯಲ್ಲಂತೆ. ಹಿಂದಿ ಯಾರಿಗೂ ಪೂರ್ತಿ ತಿಳಿಯುತ್ತಿರಲಿಲ್ಲ. ಆದರೂ ಸೀತೆಯನ್ನು ರಾವಣ ಒಯ್ದ ಮೇಲೆ ವಾರಗಟ್ಟಲೆ ಬಾವಿಯ ಕಟ್ಟೆಯ ಮೇಲೆ ಅದೇ ಮಾತು ನಡೆಯುತ್ತಿತ್ತು ಎಂದು ನಮ್ಮಜ್ಜಿ ಹೇಳುತ್ತಾಳೆ. ಅದೇ ರಾಮಾಯಣ 2020ರ ಮಾರ್ಚ್ 28ರಿಂದ ಲಾಕ್‌ಡೌನಿನಲ್ಲಿ ಮತ್ತೆ ಬಂತು. ಈ ಸಲ ದಿನಕ್ಕೆ ಎರಡು ಹೊತ್ತು. ನಮ್ಮ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಂದಕ್ಕೆ ಹೋಗಿತ್ತು, ಪುಸ್ತಕ ಮುಚ್ಚಿ ಅಜ್ಜಿಯ ಪಕ್ಕ ಕೂತೆ. ಒಂದೂವರೆ ವರ್ಷದ ಕಥೆ ಮೂರೇ ವಾರದಲ್ಲಿ ಮುಗಿಯಿತು. ನನಗೆ ಬಹಳ ಹಿಡಿಸಿತು. ಅಜ್ಜಿಗೆ ಸಮಾಧಾನವಾಗಲಿಲ್ಲ. “ಏನವಾ ಇದು, ಸೀತವ್ವನ್ನ ಕಳಕೊಂಡ ಸಂಕಟಾ ಇನ್ನೂ ಆರಿಲ್ಲ, ಅಷ್ಟರಾಗ ಸಿಕ್ಕೇಬಿಟ್ಲು” ಎಂದಳು.

ಚೆಂದದ ಮಾತು. ಕಾಯುವುದರಲ್ಲೇ ಸವಿ ಇದೆ ಎನ್ನುವವರು ಇಂಥ ಮಾತನ್ನೇ ಹಿಡಿದು ವಾದ ಮುಗಿಸುತ್ತಾರೆ. ನನಗೆ ಮಾತ್ರ ಅಷ್ಟರಿಂದ ಒಪ್ಪಿಗೆಯಾಗುವುದಿಲ್ಲ. ಅಜ್ಜಿಯ ಸವಿ ಅಜ್ಜಿಗೆ, ನನ್ನದು ನನಗೆ.

ಇನ್ನು, ಒಂದೇ ಪಟ್ಟಿಗೆ ನೋಡುವುದು ನೆಟ್‌ಫ್ಲಿಕ್ಸ್ ತಂದ ಹೊಸ ಚಟ ಎಂದು ಹಿರಿಯರು ಬೈಯುವುದೂ ಪೂರ್ತಿ ಸರಿಯಲ್ಲ. 2013ರ ಫೆಬ್ರುವರಿಯಲ್ಲಿ ನೆಟ್‌ಫ್ಲಿಕ್ಸ್ ‘ಹೌಸ್ ಆಫ್ ಕಾರ್ಡ್ಸ್’ನ ಹದಿಮೂರೂ ಕಂತುಗಳನ್ನು ಒಂದೇ ದಿನ ಬಿಟ್ಟಿದ್ದು ನಿಜ. ಅದಕ್ಕೂ ಮೊದಲು ಸಿ.ಡಿ., ಡಿ.ವಿ.ಡಿ. ಬಂದಾಗಲೇ ಇಡೀ ಧಾರಾವಾಹಿಯನ್ನು ಡಬ್ಬಿಯಲ್ಲಿ ತಂದಿಟ್ಟುಕೊಂಡು ನೋಡುವ ಅಭ್ಯಾಸ ಶುರುವಾಗಿತ್ತು. ಅದಕ್ಕೂ ಹಿಂದೆ ಗಣಪತಿ ಹಬ್ಬಕ್ಕೆ ಟಿ.ವಿ., ವಿ.ಸಿ.ಆರ್. ಬಾಡಿಗೆಗೆ ತಂದು ಗುಡಿಯ ಮುಂದೆ ಬೆಳತನಕ ಮೂರು ಮೂರು ಸಿನಿಮಾ ನೋಡಿದವರು ಯಾರು? ಈಗ ನಮಗೆ ಬುದ್ಧಿ ಹೇಳುವ ಕಾಕಾಗಳೇ ಅಲ್ಲವೇ! ಇನ್ನೂ ಹಿಂದೆ ಹೋದರೆ ಕುಲಗೋಡ ತಮ್ಮಣ್ಣನ ಹೆಸರಿನೊಂದಿಗೆ ಬೆಸೆದಿರುವ ನಮ್ಮ ಕಡೆಯ ಶ್ರೀಕೃಷ್ಣ ಪಾರಿಜಾತವಿದೆ. ಸತ್ಯಭಾಮೆಯ ಮುನಿಸು ಇಳಿಯುವ ಹೊತ್ತಿಗೆ ಮೂಡಣ ಕೆಂಪಾಗಿರುತ್ತದೆ. ‘ಉಳಿದದ್ದು ನಾಳೆ’ ಎಂದು ಯಾರೂ ಏಳುತ್ತಿರಲಿಲ್ಲ. ಆದರೆ ಅಲ್ಲಿ ಇಡೀ ಊರು ಒಟ್ಟಿಗೆ ನಿದ್ದೆಗೆಡುತ್ತಿತ್ತು. ನಮ್ಮ ರೂಮಿನಲ್ಲಿ ನಾಲ್ಕು ಜೋಡಿ ಇಯರ್‌ಫೋನು, ನಾಲ್ವರೂ ಬೇರೆ ಬೇರೆ ಕಂತಿನಲ್ಲಿ. ಬಾಯಿ ತೆರೆದರೆ “ಏ, ಹೇಳಬ್ಯಾಡಲೇ, ನಾ ಇನ್ನೂ ಐದರಾಗ ಅದೀನಿ” ಎಂಬ ಕೂಗು. ಅವಳು ಎಂಟು ಮುಟ್ಟುವ ಹೊತ್ತಿಗೆ ನನಗೆ ಆ ಕಥೆಯೇ ಮರೆತಿರುತ್ತದೆ.

ವೇಳೆಯ ಪ್ರಶ್ನೆ ನನಗೆ ಹೊಳೆದದ್ದು ಬನಹಟ್ಟಿಯಲ್ಲಿ, ನಮ್ಮ ಚಿಗವ್ವನ ಮನೆಯಲ್ಲಿ. ರಬಕವಿ–ಬನಹಟ್ಟಿ ನೋಡಿದವರಿಗೆ ಗೊತ್ತು, ಅಲ್ಲಿ ಓಣಿ ಹೊಕ್ಕರೆ ಮನುಷ್ಯರ ಮಾತಿಗಿಂತ ಮೊದಲು ಕಿವಿಗೆ ಬೀಳುವುದು ಪಾವರ್‌ಲೂಮಿನ ಖಟಖಟ. ಚಿಗವ್ವನ ಮನೆಯ ಮುಂಭಾಗದಲ್ಲೂ ಎರಡು ಮಗ್ಗಗಳಿವೆ. ಕಾಕಾ ಸೀರೆ ನೇಯುತ್ತಾರೆ. ಕಂಡಿಕಿ ಸುತ್ತಿ ಕೊಡುವವಳು ಚಿಗವ್ವ. ರೊಟ್ಟಿ ಬಡಿಯುವುದು, ನೀರು ತುಂಬುವುದು, ಹಾಸಿಗೆ ಹಿಡಿದ ಅತ್ತೆಯ ಸೇವೆ ಎಲ್ಲವೂ ಅವಳ ಪಾಲಿನದೇ. ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗಿನ ಅವಳ ದಿನದಲ್ಲಿ ಒಂದೇ ಒಂದು ತುಣುಕು ಅವಳದಾಗಿತ್ತು. ಸಂಜೆ ಏಳೂವರೆಯಿಂದ ಎಂಟು.

ಆ ಅರ್ಧ ತಾಸಿನಲ್ಲಿ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಕರೆದರೂ “ತಡೀರಿ, ಅಡ್ವಟೈಜು ಬರ್ಲಿ” ಎನ್ನುವ ಉತ್ತರ ಬರುತ್ತಿತ್ತು. ಅದನ್ನು ಕಾಕಾ ಒಪ್ಪಿಕೊಂಡಿದ್ದರು, ಅತ್ತೆಯೂ ಒಪ್ಪಿಕೊಂಡಿದ್ದಳು. ಯಾಕೆಂದರೆ ಆ ವೇಳೆ ಹೋದರೆ ಕಂತು ಹೋಯಿತು ಎಂಬುದು ಎಲ್ಲರಿಗೂ ಗೊತ್ತಿತ್ತು. ಪಕ್ಕದ ಮನೆಯ ಇಬ್ಬರು ಹೆಂಗಸರು ಬಂದು ಗೋಡೆಗೊರಗಿ ಕೂರುತ್ತಿದ್ದರು. ಮರುದಿನ ಕಂಡಿಕಿ ಸುತ್ತುತ್ತಾ ಅದೇ ಕಥೆಯ ಚರ್ಚೆ. ಕಂತು ತಪ್ಪಿಸಿಕೊಂಡವಳಿಗೆ ನೋಡಿದವಳು ಹೇಳಬೇಕು. ಹಾಗೆ ಹೇಳುವುದರಲ್ಲಿ ಚಿಗವ್ವನದು ಎತ್ತಿದ ಕೈ. ಧಾರಾವಾಹಿಗಿಂತ ಅವಳ ವರ್ಣನೆಯೇ ಚೆನ್ನಾಗಿರುತ್ತದೆ ಎಂಬುದು ನನ್ನ ಅಭಿಪ್ರಾಯ. ಅತ್ತೆಯ ಪಾತ್ರಕ್ಕೆ ಅವಳು ಮಾಡುವ ದನಿ ಯಾವ ನಟಿಗೂ ಬರಲಿಕ್ಕಿಲ್ಲ.

ಹೋದ ವರ್ಷ ಮನೆಯಲ್ಲೊಂದು ಲೆಕ್ಕಾಚಾರ ನಡೆಯಿತು. ಟಿ.ವಿ.ಗೆ ತಿಂಗಳಾ ರೊಕ್ಕ ತುಂಬುವುದು ಯಾಕೆ, ಫೋನಿನಲ್ಲಿ ಅದೇ ಧಾರಾವಾಹಿ ಬರುತ್ತದಲ್ಲ, ಯಾವಾಗ ಬೇಕಾದರೂ ನೋಡಬಹುದಲ್ಲ ಎಂದು. ಲೆಕ್ಕ ತಪ್ಪೇನಲ್ಲ. ನೇಕಾರರ ಮನೆಯಲ್ಲಿ ತಿಂಗಳಿಗೆ ಉಳಿಯುವ ನೂರಿನ್ನೂರು ರೂಪಾಯಿಗೂ ಬೆಲೆಯಿದೆ. ಟಿ.ವಿ. ಬಂದ್ ಆಯಿತು. ದೀಪಾವಳಿಗೆ ಹೋದಾಗ ಕೇಳಿದೆ, “ಚಿಗವ್ವ, ಎಲ್ಲೀತನಕ ಬಂತು ನಿನ್ನ ಕಥಿ?” ಅವಳು ನಕ್ಕಳು. “ಯಾವಾಗ ಬೇಕಾದ್ರೂ ನೋಡು ಅಂದ್ರು. ಯಾವಾಗ ಬೇಕಾದ್ರೂ ಅಂದ್ರ ಯಾವಾಗವಾ? ಮುಂಜಾನಿ ಕಂಡಿಕಿ, ಮಧ್ಯಾಹ್ನ ರೊಟ್ಟಿ, ಸಂಜೀಕ ಅತ್ತಿ. ಏಳೂವರಿಗೆ ಫೋನ್ ಹಿಡಕೊಂಡ್ರ ‘ಆಮ್ಯಾಲೆ ನೋಡಬಾರದೇನ’ ಅಂತಾರ. ಆಮ್ಯಾಲೆ ಫೋನ್ ಹುಡುಗನ ಕೈಯಾಗ ಇರತೈತಿ. ಹತ್ತಕ್ಕ ಕೈಗೆ ಬಂತಂದ್ರ ಕಣ್ಣು ಮುಚ್ಚಿಕೋತಾವು.”

ಆಮೇಲೆ ನೋಡಬಾರದೇ ಎಂಬ ನಾಲ್ಕು ದಿನದ ಮಾತಿಗೆ ಹತ್ತು ವರ್ಷದ ಅರ್ಧ ತಾಸು ಕರಗಿಹೋಯಿತು. ಯಾರೂ ಅವಳಿಗೆ ಬೇಡ ಎನ್ನಲಿಲ್ಲ. ಇನ್ನಷ್ಟು ಸ್ವಾತಂತ್ರ್ಯವನ್ನೇ ಕೊಟ್ಟರು! ನನಗೆ ಆ ಸ್ವಾತಂತ್ರ್ಯ ಹಿಡಿಸುತ್ತದೆ, ಯಾಕೆಂದರೆ ಹಾಸ್ಟೆಲ್‌ನಲ್ಲಿ ನನ್ನ ರಾತ್ರಿ ನನ್ನದೇ. ಫೋನ್ ನನ್ನೊಬ್ಬಳದೇ. ರೊಟ್ಟಿ ಮೆಸ್ಸಿನವರು ಬಡಿಯುತ್ತಾರೆ. ತನ್ನ ವೇಳೆ ತನ್ನ ಕೈಯಲ್ಲಿ ಇಲ್ಲದವಳಿಗೆ ಮಾತ್ರ ಗಡಿಯಾರದ ಮುಳ್ಳೇ ಆಸರೆ. ಚಾನೆಲ್ಲಿನವರು ಜಾಹೀರಾತಿನ ಆಸೆಗೆ ಗೊತ್ತು ಮಾಡಿದ ವೇಳೆ ಅದು, ಹೆಂಗಸರ ಮೇಲಿನ ಕರುಣೆಯಿಂದಲ್ಲ. ಆದರೂ ಮನೆಯವರ ಜೊತೆ ವಾದ ಮಾಡದೆ ಸಿಕ್ಕ ರಜೆ ಅವಳ ಪಾಲಿಗೆ ಅದೊಂದೇ ಆಗಿತ್ತು.

ಇದನ್ನು ರೂಮಿನಲ್ಲಿ ಹೇಳಿದಾಗ ಮುಧೋಳದ ಗೆಳತಿ ಎದ್ದು ಕೂತಳು. ಅವಳ ತಂದೆ ಸಕ್ಕರೆ ಕಾರ್ಖಾನೆಯಲ್ಲಿದ್ದಾರೆ. ಕಬ್ಬು ನುರಿಯುವ ಹಂಗಾಮಿನಲ್ಲಿ ಮೂರು ಪಾಳಿಯ ಕೆಲಸ. ಒಂದು ವಾರ ಹಗಲು, ಇನ್ನೊಂದು ವಾರ ರಾತ್ರಿ. “ನಮ್ಮಪ್ಪಗ ಏಳೂವರಿ ಅನ್ನೋದು ವಾರಕ್ಕೊಂದು ಥರಾ ಇರತೈತಿ. ಅವರಿಗೆ ನಿನ್ನ ಗಡಿಯಾರದ ಆಸರೆ ಏನು ಉಪಯೋಗ?” ಎಂದಳು. ಅವರು ವಾರದ ರಜೆಯ ದಿನ ಐದೂ ಕಂತುಗಳನ್ನು ಒಟ್ಟಿಗೆ ಹಾಕಿಕೊಂಡು ನೋಡುತ್ತಾರಂತೆ. ಘಟಪ್ರಭೆಯ ದಂಡೆಯ ರೈತರದೂ ಅದೇ ಕಥೆ. ತ್ರೀ ಫೇಸ್ ಕರೆಂಟು ಯಾವ ಹೊತ್ತಿಗೆ ಬರುತ್ತದೋ ಆ ಹೊತ್ತಿಗೆ ಪಂಪ್ ಚಾಲೂ ಮಾಡಲು ಹೊಲಕ್ಕೆ ಹೋಗಬೇಕು. ಕಬ್ಬಿಗೆ ನೀರು ಕಟ್ಟುವವನನ್ನು ಯಾವ ಧಾರಾವಾಹಿಯೂ ಕಾಯುವುದಿಲ್ಲ.

ಅವಳ ಮಾತು ನಿಜ, ಅದಕ್ಕೆ ನನ್ನಲ್ಲಿ ಎದುರುತ್ತರವಿಲ್ಲ. ಒಂದು ವ್ಯತ್ಯಾಸ ಮಾತ್ರ ಹೇಳಿದೆ. ಅಪ್ಪ ಪಾಳಿ ಮುಗಿಸಿ ಬಂದು ಫೋನ್ ಹಿಡಿದರೆ ಮನೆಯಲ್ಲಿ ಯಾರೂ “ಆಮೇಲೆ ನೋಡು” ಎನ್ನುವುದಿಲ್ಲ. ಪಕ್ಕದಲ್ಲಿ ಚಹಾದ ಕಪ್ಪು ಬರುತ್ತದೆ. ಗೆಳತಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೂಂ, ಚಹಾ ಮಾಡೋದು ನಮ್ಮವ್ವನ” ಎಂದಳು.

ಹಾಗೆಂದು ನಮ್ಮ ಧಾರಾವಾಹಿಗಳ ಪರ ವಕಾಲತ್ತು ವಹಿಸಲು ನಾನು ತಯಾರಿಲ್ಲ. ಒಂದು ಕಪಾಳಮೋಕ್ಷವನ್ನು ಮೂರು ಕೋನದಿಂದ ಮೂರು ಸಲ ಗುಡುಗಿನ ಸದ್ದಿನೊಂದಿಗೆ ತೋರಿಸುವುದನ್ನು ಸಹಿಸುವುದು ಸುಲಭವಲ್ಲ. ‘ಅಗ್ನಿಸಾಕ್ಷಿ’ 2013ರ ಡಿಸೆಂಬರಿನಲ್ಲಿ ಶುರುವಾದಾಗ ನಾನು ನಾಲ್ಕನೇ ಇಯತ್ತೆ. 2020ರ ಆರಂಭದಲ್ಲಿ ಅದು ಮುಗಿಯುವಾಗ ಎಸ್ಸೆಸ್ಸೆಲ್ಸಿ! ಇಂಥದ್ದನ್ನು ಒಂದೇ ಪಟ್ಟಿಗೆ ನೋಡುತ್ತೇನೆಂದು ಹಟ ಹಿಡಿದರೆ ಬಿಇ ಮುಗಿಯುವುದಿಲ್ಲ. ಕಥೆ ಎಲ್ಲಿ ಮುಗಿಯಬೇಕು ಎಂಬುದನ್ನು ಕಥೆ ನಿರ್ಧರಿಸುವುದಿಲ್ಲ, ಟಿ.ಆರ್.ಪಿ. ನಿರ್ಧರಿಸುತ್ತದೆ. ಒಟ್ಟಿಗೆ ನೋಡುವ ವೆಬ್ ಸರಣಿಗಳು ಗೆದ್ದಿರುವುದು ಈ ಜಾಗದಲ್ಲೇ. ಅವುಗಳಿಗೆ ಒಂದು ಕೊನೆ ಇರುತ್ತದೆ, ಮೊದಲ ಕಂತಿನಲ್ಲಿ ಬಿತ್ತಿದ್ದು ಕೊನೆಯ ಕಂತಿನಲ್ಲಿ ಫಲ ಕೊಡುತ್ತದೆ.

ಆದರೆ ದಿನದ ಧಾರಾವಾಹಿಯನ್ನು ತೀರಾ ಹಗುರವಾಗಿ ಕಾಣುವುದೂ ಬೇಡ. ‘ಪುಟ್ಟಕ್ಕನ ಮಕ್ಕಳು’ 2021ರ ಡಿಸೆಂಬರಿನಲ್ಲಿ ಶುರುವಾದಾಗ ಬನಹಟ್ಟಿಯ ಹೆಂಗಸರಿಗೆ ಒಂದು ಬೇರೆಯೇ ಕುತೂಹಲವಿತ್ತು. ಪುಟ್ಟಕ್ಕನಾಗಿ ನಟಿಸಿದ ಉಮಾಶ್ರೀಯವರು 2013ರಿಂದ 2018ರವರೆಗೆ ಅವರದೇ ತೇರದಾಳ ಕ್ಷೇತ್ರದ ಶಾಸಕಿಯಾಗಿದ್ದವರು, ಮಂತ್ರಿಯಾಗಿದ್ದವರು. ವೋಟು ಕೇಳಲು ಓಣಿಗೆ ಬಂದಿದ್ದ ಮುಖವೇ ಈಗ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುವ ತಾಯಿಯಾಗಿ ದಿನಾ ಮನೆಯೊಳಗೆ ಬರುತ್ತಿತ್ತು. ಗಂಡು ಹುಟ್ಟಲಿಲ್ಲವೆಂದು ಬಿಟ್ಟುಹೋದ ಗಂಡನನ್ನು ಬೈಯುವ ನೆಪದಲ್ಲಿ, ಆ ಗೋಡೆಗೊರಗಿ ಕೂತವರು ತಮ್ಮ ಮನೆಯ ಮಾತುಗಳನ್ನೂ ಆಡಿಕೊಂಡರು. ಕಂತಿಗೂ ಕಂತಿಗೂ ನಡುವೆ ಒಂದು ದಿನವಿದ್ದುದಕ್ಕೇ ಆ ಮಾತಿಗೆ ಜಾಗ ಸಿಕ್ಕಿತು. ಒಬ್ಬಳೇ ಕೂತು ಎಂಟು ಕಂತು ನೋಡಿದ ರಾತ್ರಿ ನಾನು ಯಾರೊಂದಿಗೂ ಏನನ್ನೂ ಆಡಿಲ್ಲ.

ಗೊತ್ತಾದ ವೇಳೆಯೂ ಬೇಕು, ಕೊನೆಯೂ ಬೇಕು ಎಂದರೆ ಎರಡೂ ಒಟ್ಟಿಗೆ ಸಿಗುವುದುಂಟೇ? ಬೀಳಗಿಯ ಗೆಳತಿಯ ಊರಿನಲ್ಲಿ ಸಿಗುತ್ತದೆ. ಆಲಮಟ್ಟಿ ಹಿನ್ನೀರಿಗೆ ಹಳೆಯ ಊರು ಹೋಗಿ, ಈಗಿರುವುದು ಪುನರ್ವಸತಿ ಕೇಂದ್ರ. ಮನೆಗಳು ದೂರ ದೂರ, ಹಳೆಯ ನೆರೆಹೊರೆ ಚದುರಿದೆ. ಆದರೆ ಶ್ರಾವಣ ಬಂತೆಂದರೆ ಒಂದು ತಿಂಗಳು ಸಂಜೆ ಗುಡಿಯಲ್ಲಿ ಪುರಾಣ. ಶಾಸ್ತ್ರಿಗಳು ದಿನಕ್ಕೊಂದಿಷ್ಟು ಹೇಳುತ್ತಾರೆ, ಗವಾಯಿಗಳು ಹಾಡುತ್ತಾರೆ, ತಬಲಾ ನುಡಿಯುತ್ತದೆ. ಶರಣರಿಗೆ ಸಂಕಟ ಬಂದೊದಗಿದ ಗಳಿಗೆಗೆ ಸರಿಯಾಗಿ ‘ಮುಂದಿನದು ನಾಳೆ’ ಎಂದು ನಿಲ್ಲಿಸುವ ಜಾಣತನ ಅವರಿಗೂ ಗೊತ್ತು. ಆ ಹೊತ್ತಿಗೆ ಮನೆಯ ಹೆಂಗಸರು ಪುರಾಣಕ್ಕೆ ಹೋಗುತ್ತೇನೆಂದರೆ ಯಾವ ಗಂಡಸೂ “ಆಮೇಲೆ ಕೇಳು” ಎನ್ನಲಾರ. ತಿಂಗಳು ತುಂಬಿದ ಮೇಲೆ ಪುರಾಣಕ್ಕೆ ಮಂಗಲ, ಪಲ್ಲಕ್ಕಿ, ಹುಗ್ಗಿಯ ಪ್ರಸಾದ. ಜನ ಚೆನ್ನಾಗಿ ಸೇರುತ್ತಿದ್ದಾರೆಂದು ಪುರಾಣವನ್ನು ಆರು ವರ್ಷ ಎಳೆದ ಶಾಸ್ತ್ರಿಗಳನ್ನು ನಾನಂತೂ ಕೇಳಿಲ್ಲ.

ನಮ್ಮ ಚಾನೆಲ್‌ಗಳಿಗೆ ಇದು ಅಸಾಧ್ಯವೇ? ದೂರದರ್ಶನದ ಕಾಲದಲ್ಲಿ ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಮಾಡಿದರು, ಸದಾನಂದ ಸುವರ್ಣ ‘ಗುಡ್ಡದ ಭೂತ’ ಮಾಡಿದರು. ‘ಗುಡ್ಡದ ಭೂತ’ದ ಕಂತುಗಳು ಕೆಲವೇ. ಮುಗಿದು ಮೂರು ದಶಕ ದಾಟಿದರೂ ಅಪ್ಪ ಆ ಹಾಡನ್ನು ಗುನುಗುತ್ತಾರೆ. ಕನ್ನಡದ ಒಂದು ಚಾನೆಲ್ಲಾದರೂ ವಾರಕ್ಕೊಂದು ಕಂತಿನ, ಇಪ್ಪತ್ತಾರು ವಾರಕ್ಕೆ ಮಂಗಲ ಹಾಡುವ ಕಥೆಯೊಂದನ್ನು ರಾತ್ರಿಯ ಒಳ್ಳೆಯ ವೇಳೆಯಲ್ಲೇ ಕೊಟ್ಟು ನೋಡಲಿ. ಪಾಳಿಯವರಿಗೂ ನೀರು ಕಟ್ಟುವವರಿಗೂ ಅದು ಫೋನಿನಲ್ಲಿ ಇದ್ದೇ ಇರುತ್ತದೆ. ನನ್ನಂಥವರು ಇಪ್ಪತ್ತಾರೂ ಮುಗಿಯಲಿ ಎಂದು ಕಾಯ್ದು, ಸೆಮಿಸ್ಟರ್ ರಜೆಯಲ್ಲಿ ಒಂದೇ ಪಟ್ಟಿಗೆ ನೋಡುತ್ತೇವೆ.

ಚಿಗವ್ವನ ಮನೆಯಲ್ಲಿ ಸಂಕ್ರಾಂತಿಯಿಂದ ಟಿ.ವಿ.ಗೆ ಮತ್ತೆ ರೊಕ್ಕ ತುಂಬುತ್ತಿದ್ದಾರೆ. ಅವಳೇ ಕಂಡಿಕಿಯ ರೊಕ್ಕದಲ್ಲಿ ಬದಿಗಿಟ್ಟು ಕೊಡುತ್ತಾಳಂತೆ. ಏಳೂವರೆಗೆ ಮಗ ಊಟ ಕೇಳಿದರೆ, “ಬುಟ್ಟ್ಯಾಗ ರೊಟ್ಟಿ ಅದಾವ, ಪಲ್ಯಾ ಒಲಿ ಮ್ಯಾಲ ಐತಿ, ಹಚಗೊಂಡು ಉಣ್ಣು” ಎಂದು ಕೂತಲ್ಲಿಂದಲೇ ಹೇಳುತ್ತಾಳೆ.